ದೀಕ್ಷಾಸ್ನಾನ: ನೀರಿಗಿಂತ ಮುಂಚೆ ಏನು, ನೀರಾದ ಮೇಲೆ ಏನು

ನಮ್ಮ ಕ್ರೈಸ್ತ ಸಭೆಯ (ಚರ್ಚಿನ) ದೀಕ್ಷಾಸ್ನಾನದ, ಅಂದರೆ ಬ್ಯಾಪ್ಟಿಸಮ್ಮಿನ, ದಫ್ತರ ನನ್ನ ಸುಪರ್ದಿಗೆ ಬಂದು ಹದಿನಾಲ್ಕು ವರ್ಷವಾಯಿತು. ಸಿಂಧನೂರು ತಾಲೂಕಿನ ಸಣ್ಣ ಊರು ನಮ್ಮದು. ಅಯ್ಯನವರಿಗೆ (ನಮ್ಮ ಪಾಸ್ಟರಿಗೆ) ಇನ್ನೂ ಮೂರು ಊರಿನ ಸಭೆಗಳ ಹೊಣೆ ಇರುವುದರಿಂದ ಹೆಸರು ಬರೆಯುವುದು, ಬೋಗುಣಿ ತೊಳೆದಿಡುವುದು, ಫೋನಿಗೆ ಉತ್ತರಿಸುವುದು ಎಲ್ಲ ನನ್ನ ಪಾಲಿಗೆ. ಬರುವ ಫೋನುಗಳೆಲ್ಲ ಹೆಚ್ಚುಕಡಿಮೆ ಒಂದೇ ತರಹ: "ಅಣ್ಣಾರ, ಬರೋ ಐತಾರ ಕೂಸಿಗೆ ನೀರು ಹಾಕಸಬೇಕ್ರಿ. ಏನೇನ್ ತರಬೇಕು?"

ತರುವುದು ಬಹಳ ಏನಿಲ್ಲ. ಕೇಳಿಕೊಳ್ಳುವುದೇ ಬಹಳ ಇದೆ. ನೀರಿನ ಕೆಲಸ ಅರ್ಧ ನಿಮಿಷದ್ದು. ಜನ ಎಡವುವುದು ಅದಕ್ಕಿಂತ ಮುಂಚೆ ಕೇಳದೆ ಬಿಟ್ಟಿದ್ದರಲ್ಲಿ, ಆಮೇಲೆ ಬರೆಸದೆ ಬಿಟ್ಟಿದ್ದರಲ್ಲಿ. ಅದಕ್ಕೇ ಈ ಬರಹ.

ಮೊದಲು: ಕೇಳುತ್ತಿರುವುದು ಏನನ್ನು?

ನಮ್ಮ ಕಡೆ ನದೀಸ್ನಾನ ಯಾರಿಗೂ ಹೊಸದಲ್ಲ. ಹುಲಿಗಿಗೆ ಹೋದವರು ತುಂಗಭದ್ರೆಯಲ್ಲಿ ಮಿಂದು ಬರುತ್ತಾರೆ, ಮುಂದಿನ ಹುಣ್ಣಿಮೆಗೆ ಮತ್ತೆ ಹೋಗುತ್ತಾರೆ. ದೀಕ್ಷಾಸ್ನಾನ ಆ ಬಗೆಯದಲ್ಲ. ಇದು ಬಾಳಿನಲ್ಲಿ ಒಂದೇ ಸಲ. ಎಫೆಸದವರಿಗೆ ಬರೆದ ಪತ್ರದ ನಾಲ್ಕನೇ ಅಧ್ಯಾಯ ಒಬ್ಬನೇ ಕರ್ತ, ಒಂದೇ ನಂಬಿಕೆ, ಒಂದೇ ದೀಕ್ಷಾಸ್ನಾನ ಎಂದು ಎಣಿಸಿ ಹೇಳುತ್ತದೆ. ಪೇತ್ರನ ಮೊದಲ ಪತ್ರವಂತೂ ಇದು ಮೈಕೊಳೆ ತೊಳೆಯುವ ಸ್ನಾನವಲ್ಲ ಎಂದು ನೇರವಾಗಿಯೇ ಹೇಳಿಬಿಡುತ್ತದೆ.

ಹಾಗಾದರೆ ಏನು? ರೋಮಾಪುರದವರಿಗೆ ಬರೆದ ಪತ್ರದ ಆರನೇ ಅಧ್ಯಾಯ ಓದಿ. ಪೌಲನು ಅಲ್ಲಿ ಸ್ನಾನದ ಮಾತಿಗಿಂತ ಮಣ್ಣಿನ ಮಾತನ್ನೇ ಹೆಚ್ಚು ಆಡುತ್ತಾನೆ. ನೀರಿನೊಳಗೆ ಹೋಗುವುದು ಕ್ರಿಸ್ತನೊಂದಿಗೆ ಹೂಣಿಸಿಕೊಂಡಂತೆ, ಮೇಲೆ ಬರುವುದು ಆತನೊಂದಿಗೆ ಎದ್ದು ಬಂದಂತೆ. ಹಳೆಯ ಬಾಳು ಅಲ್ಲೇ ಉಳಿಯಿತು, ಹೊಸದು ಶುರುವಾಯಿತು. ಯೇಸು ತಾನೇ ಯೊರ್ದನ್ ಹೊಳೆಯಲ್ಲಿ ಯೋಹಾನನ ಕೈಯಿಂದ ಸ್ನಾನ ಪಡೆದ. ಶಿಷ್ಯರನ್ನು ಕಳುಹಿಸುವಾಗ ತಂದೆಯ, ಮಗನ, ಪವಿತ್ರಾತ್ಮನ ಹೆಸರಿನಲ್ಲಿ ಸ್ನಾನ ಮಾಡಿಸಿರಿ ಎಂದ. ಅದು ಮತ್ತಾಯನ ಸುವಾರ್ತೆಯ ಕೊನೆಯ ಅಧ್ಯಾಯದಲ್ಲಿದೆ. ಪಾಪಕ್ಷಮೆ, ಹೊಸ ಹುಟ್ಟು, ಇವುಗಳ ಜೊತೆಗೆ ಇನ್ನೊಂದನ್ನು ಜನ ಮರೆಯುತ್ತಾರೆ: ಸ್ನಾನ ಪಡೆದವರು ಒಂದು ಮನೆತನಕ್ಕೆ ಸೇರುತ್ತಾರೆ. ಅದಕ್ಕೇ ಇದನ್ನು ಸಭೆ ಕೂಡಿದಾಗ ಮಾಡುವುದು, ಕೋಣೆ ಬಾಗಿಲು ಹಾಕಿಕೊಂಡು ಅಲ್ಲ.

ಒಂದು ಮಾತು ಖಡಾಖಂಡಿತವಾಗಿ ಹೇಳುತ್ತೇನೆ. ಮಗು ಹಟ ಮಾಡುತ್ತದೆ, ಜ್ವರ ಬಿಡುತ್ತಿಲ್ಲ, ಕೋರ್ಟು ಕೇಸು ಗೆಲ್ಲಬೇಕು ಎಂದು ದೀಕ್ಷಾಸ್ನಾನ ಕೇಳಿಕೊಂಡು ಬರಬೇಡಿ. ಅದಕ್ಕೆ ಪ್ರಾರ್ಥನೆ ಇದೆ, ಎಷ್ಟು ಸಲ ಬೇಕಾದರೂ ಮಾಡಿಸಿಕೊಳ್ಳಿ.

ಯಾವ ಸಭೆ, ಯಾವ ವಯಸ್ಸು

ನಮ್ಮ ಮನೆಯನ್ನೇ ನೋಡಿ. ನಾವು ಮೆಥಡಿಸ್ಟರು, ರಾಯಚೂರು ಸೀಮೆಯಲ್ಲಿ ಅದು ಹಳೆಯ ಸಭೆ. ಹೆಂಡತಿಯ ತವರು ಬಳ್ಳಾರಿ, ಅವರು ಕಥೋಲಿಕರು. ತಮ್ಮ ಗಂಗಾವತಿಯಲ್ಲಿ ಪೆಂತೆಕೊಸ್ತ್ ಸಭೆಗೆ ಹೋಗುತ್ತಾನೆ. ಹಬ್ಬಕ್ಕೆ ಎಲ್ಲರೂ ಕೂತು ರೊಟ್ಟಿ ಮುರಿಯುವಾಗ ಈ ವಿಷಯ ಬಂದರೆ ಮುಳಗಾಯಿ ಪಲ್ಯ ಆರಿಹೋಗುತ್ತದೆ, ಮಾತು ಆರುವುದಿಲ್ಲ.

ಸ್ಥೂಲವಾಗಿ ಹೀಗಿದೆ. ಕಥೋಲಿಕರು, ಸಿಎಸ್‌ಐ (ದಕ್ಷಿಣ ಭಾರತ ಸಭೆ), ಮೆಥಡಿಸ್ಟರು ಕೂಸುಗಳಿಗೂ ಸ್ನಾನ ಮಾಡಿಸುತ್ತಾರೆ. ಹೆತ್ತವರ ನಂಬಿಕೆಯ ಮೇಲೆ ಮಗುವನ್ನು ಸೇರಿಸಿಕೊಂಡು, ದೊಡ್ಡದಾದ ಮೇಲೆ ಅದು ತನ್ನ ಬಾಯಿಂದ ಒಪ್ಪಿ ಹೇಳುವ ದೃಢೀಕರಣವನ್ನು ಬೇರೆ ಇಡುತ್ತಾರೆ. ಅಪೊಸ್ತಲರ ಕೃತ್ಯಗಳ 16ನೇ ಅಧ್ಯಾಯದಲ್ಲಿ ಫಿಲಿಪ್ಪಿಯ ಸೆರೆಮನೆ ಅಧಿಕಾರಿ ಮನೆಮಂದಿಯೊಂದಿಗೆ ಸ್ನಾನ ಪಡೆದ ಸಂಗತಿಯನ್ನು ಇವರು ತೋರಿಸುತ್ತಾರೆ. ಪೆಂತೆಕೊಸ್ತ್, ಬ್ಯಾಪ್ಟಿಸ್ಟ್, ಬ್ರದರನ್ ಸಭೆಗಳು ತಾನಾಗಿ ನಂಬಿದವರಿಗೆ ಮಾತ್ರ, ಅದೂ ಪೂರ್ತಿ ಮುಳುಗಿಸಿಯೇ ಮಾಡಿಸುತ್ತವೆ. ಕೂಸನ್ನು ಸಭೆಯ ಮುಂದೆ ತಂದು ಪ್ರತಿಷ್ಠೆಯ ಪ್ರಾರ್ಥನೆ ಮಾಡಿ ಕಳಿಸುತ್ತವೆ. ಅವರು ತೋರಿಸುವುದು ಅದೇ ಪುಸ್ತಕದ 8ನೇ ಅಧ್ಯಾಯ: ಐಥಿಯೋಪ್ಯದ ಅಧಿಕಾರಿ ದಾರಿಯಲ್ಲಿ ನೀರು ಕಂಡು, ಅಗೋ ನೀರು, ನನಗೇನು ಅಡ್ಡಿ ಎಂದು ರಥ ನಿಲ್ಲಿಸಿ ಇಳಿದ ಕಥೆ.

ಪ್ರತಿಷ್ಠೆ ಬೇರೆ, ದೀಕ್ಷಾಸ್ನಾನ ಬೇರೆ. ಇದನ್ನು ಗಟ್ಟಿಯಾಗಿ ನೆನಪಿಡಿ. ಪ್ರತಿಷ್ಠೆಯ ಫೋಟೊ ತೋರಿಸಿ ಪ್ರಮಾಣಪತ್ರ ಕೊಡಿ ಎಂದವರು ನನ್ನ ಬಳಿಗೇ ಬಂದಿದ್ದಾರೆ.

ಸಭೆ ಬದಲಿಸುವವರು ಮೊದಲೇ ಕೇಳಿಕೊಳ್ಳಬೇಕಾದ ಪ್ರಶ್ನೆ: "ನನ್ನ ಹಳೆಯ ಸ್ನಾನವನ್ನು ನೀವು ಒಪ್ಪುತ್ತೀರಾ?" ತಂದೆ, ಮಗ, ಪವಿತ್ರಾತ್ಮ ಎಂಬ ತ್ರಿಯೇಕ ದೇವರ ಹೆಸರಿನಲ್ಲಿ ನೀರಿನಿಂದ ಆದದ್ದಾದರೆ ಕಥೋಲಿಕರೂ ಸಿಎಸ್‌ಐ, ಮೆಥಡಿಸ್ಟರೂ ಮತ್ತೊಮ್ಮೆ ಮಾಡಿಸುವುದಿಲ್ಲ. ಮುಳುಗಿಸುವ ಸಭೆಗಳಲ್ಲಿ ಅನೇಕರು ಕೂಸಿಗೆ ಹಾಕಿದ ನೀರನ್ನು ಸ್ನಾನವೆಂದು ಎಣಿಸುವುದಿಲ್ಲ, ಹೊಸದಾಗಿ ಮುಳುಗಬೇಕು ಎನ್ನುತ್ತಾರೆ. ನನ್ನ ತಮ್ಮ ಮುಳುಗಿದ. ನಮ್ಮ ಅವ್ವ ಒಂದು ವಾರ ಅವನೊಂದಿಗೆ ಮಾತಾಡಲಿಲ್ಲ. ಯಾರು ಸರಿ ಎಂದು ಇಲ್ಲಿ ತೀರ್ಪು ಕೊಡಲು ನಾನು ಕೂತಿಲ್ಲ. ಆದರೆ ಮನೆಯವರಿಗೆ ಮುಂಚೆ ಹೇಳಿ ಮುಳುಗಿ, ಒದ್ದೆ ಬಟ್ಟೆಯಲ್ಲಿ ಬಂದು ಹೇಳಬೇಡಿ.

ಸೋದರಮಾವನೇ ಆಗಬೇಕೆಂದಿಲ್ಲ

ಕೂಸಿನ ಸ್ನಾನಕ್ಕೆ ಅದರ ನಂಬಿಕೆಗೆ ಹೊಣೆ ನಿಲ್ಲುವ ಜ್ಞಾನಪಿತ, ಜ್ಞಾನಮಾತೆ ಬೇಕು. ನಮ್ಮ ಕಡೆ ತೊಟ್ಟಿಲು ಕಾರ್ಯದ ಲೆಕ್ಕದಲ್ಲಿ ಈ ಪಟ್ಟ ತಾನಾಗಿ ಸೋದರಮಾವನಿಗೆ ಹೋಗಿಬಿಡುತ್ತದೆ. ಮಾವ ಬಟ್ಟೆ ತರಲಿ, ಬೇಡ ಎನ್ನುವವರಿಲ್ಲ. ಆದರೆ ಆತ ವರ್ಷಕ್ಕೊಮ್ಮೆ ಕ್ರಿಸ್‌ಮಸ್ಸಿಗೆ ಮುಖ ತೋರಿಸುವವನಾದರೆ ಮಗುವಿಗೆ ಪ್ರಾರ್ಥನೆ ಕಲಿಸುವವರು ಯಾರು?

ಕಥೋಲಿಕರ ಬಳ್ಳಾರಿ ಧರ್ಮಕ್ಷೇತ್ರ (ಒಬ್ಬ ಬಿಷಪ್ಪರ ಆಡಳಿತದ ಸೀಮೆ) 1949ರಲ್ಲಿ ಆದದ್ದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಅದರ ವ್ಯಾಪ್ತಿಗೆ ಬರುತ್ತವೆ. ಆದ್ದರಿಂದ ನಮ್ಮ ಭಾಗದ ಕಥೋಲಿಕ ಓದುಗರಿಗೆ ಈ ನಿಯಮ ಗೊತ್ತಿರಲಿ: ಜ್ಞಾನಪಿತ ಅಥವಾ ಜ್ಞಾನಮಾತೆ ಆಗುವವರಿಗೆ 16 ತುಂಬಿರಬೇಕು, ದೃಢೀಕರಣ ಆಗಿರಬೇಕು, ಪರಮಪ್ರಸಾದ (ಪೂಜೆಯಲ್ಲಿ ಕೊಡುವ ಪವಿತ್ರ ರೊಟ್ಟಿ) ಸ್ವೀಕರಿಸಿರಬೇಕು, ಮಗುವಿನ ಸ್ವಂತ ತಂದೆತಾಯಿ ಆಗಿರಬಾರದು. ಒಬ್ಬರಿದ್ದರೂ ಸಾಕು. ಇಬ್ಬರಾದರೆ ಒಬ್ಬ ಗಂಡು, ಒಬ್ಬ ಹೆಣ್ಣು. ಬೇರೆ ಸಭೆಯವರಾದ ನನ್ನಂಥವರು ಕಥೋಲಿಕ ಸ್ನಾನದಲ್ಲಿ ಸಾಕ್ಷಿಯಾಗಿ ನಿಲ್ಲಬಹುದು, ಜ್ಞಾನಪಿತನಾಗಿ ಅಲ್ಲ. ಹೆಂಡತಿಯ ಅಣ್ಣನ ಮಗಳಿಗೆ ನಾನು ಹಾಗೆಯೇ ನಿಂತೆ. ಮೇಣದಬತ್ತಿ ಮಾತ್ರ ನನ್ನ ಕೈಗೇ ಕೊಟ್ಟರು.

ಕಲಿಕೆಯ ದಿನಗಳು

ದೊಡ್ಡವರು ಸ್ನಾನ ಕೇಳಿದರೆ ಯಾವ ಒಳ್ಳೆಯ ಸಭೆಯೂ ನಾಳೆಯೇ ಬನ್ನಿ ಎನ್ನುವುದಿಲ್ಲ. ಎಂದರೆ ಅನುಮಾನಪಡಿ. ಕಥೋಲಿಕರಲ್ಲಿ ತಿಂಗಳುಗಟ್ಟಲೆ ಉಪದೇಶ ನಡೆದು, ಈಸ್ಟರಿಗೆ ಮುಂಚಿನ ತಪಸ್ಸುಕಾಲ ದಾಟಿ, ಪಾಸ್ಖ (ಈಸ್ಟರ್) ಜಾಗರಣೆಯ ರಾತ್ರಿ ಸ್ನಾನ, ದೃಢೀಕರಣ, ಪರಮಪ್ರಸಾದ ಮೂರೂ ಒಟ್ಟಿಗೆ ಆಗುತ್ತವೆ. ಪಾಸ್ಟರ್ ಸಭೆಗಳಲ್ಲಿ ಕೆಲವು ವಾರಗಳ ಪಾಠ ಇರುತ್ತದೆ. ನಂಬಿಕೆಯ ಪ್ರಮಾಣ (ನಾವು ನಂಬುವುದನ್ನು ಸಾರಿ ಹೇಳುವ ಪಾಠ), ಕರ್ತನ ಪ್ರಾರ್ಥನೆ, ಹತ್ತು ಆಜ್ಞೆ ಬಾಯಿಪಾಠ ಬರಬೇಕು ಎನ್ನುವುದು ನಮ್ಮಲ್ಲಿ ರೂಢಿ.

ಓದು ಬಾರದವರು ಹೆದರಬೇಕಿಲ್ಲ. ನಮ್ಮಲ್ಲಿ ಎಪ್ಪತ್ತು ದಾಟಿದ ಒಬ್ಬ ಅಜ್ಜಿ ಹತ್ತಿ ಬಿಡಿಸುತ್ತಲೇ ನಂಬಿಕೆಯ ಪ್ರಮಾಣ ಕಲಿತಳು. ಒಂದು ಸಾಲಿಗೆ ಒಂದು ವಾಕ್ಯ. ಯೇಸುವಿಗೆ ಮರಣದಂಡನೆ ವಿಧಿಸಿದ "ಪೊಂತ್ಯ ಪಿಲಾತ"ನ ಹೆಸರು ಬಂದಲ್ಲಿ ಮಾತ್ರ ಪ್ರತಿ ಸಲ ನಗು ತಡೆಯದೆ ನಿಲ್ಲುತ್ತಿದ್ದಳು.

ನಾಟಿ, ಸುಗ್ಗಿ, ಗುಳೆ ಹೋಗುವ ತಿಂಗಳು ನೋಡಿಕೊಂಡು ದಿನ ಗೊತ್ತು ಮಾಡಿ. ಅರ್ಧ ಪಾಠಕ್ಕೆ ಬೆಂಗಳೂರಿನ ಬಸ್ಸು ಹತ್ತಿದವರು ಮತ್ತೆ ಮೊದಲಿನಿಂದ ಕೂರಬೇಕಾಗುತ್ತದೆ.

ಕಾಗದ, ಕಾನೂನು

ಈ ಭಾಗವನ್ನು ಅನೇಕ ಸಭೆಗಳು ನುಂಗಿಬಿಡುತ್ತವೆ. ಹಾಗೆ ಮಾಡುವುದು ತಪ್ಪು.

ಬೇರೆ ಧರ್ಮದಿಂದ ಬರುವವರ ವಿಷಯ. ಕರ್ನಾಟಕದಲ್ಲಿ 2022ರಲ್ಲಿ ಧಾರ್ಮಿಕ ಸ್ವಾತಂತ್ರ್ಯ ಹಕ್ಕು ಸಂರಕ್ಷಣೆ ಕಾಯ್ದೆ ಬಂತು. ಮತಾಂತರವಾಗುವವರು 30 ದಿನ ಮುಂಚೆ ಜಿಲ್ಲಾಧಿಕಾರಿಗೆ ನಮೂನೆಯಲ್ಲಿ ತಿಳಿಸಬೇಕು, ಸ್ನಾನ ಮಾಡಿಸುವವರೂ ಹಾಗೆಯೇ ತಿಳಿಸಬೇಕು, ಆದ ಮೇಲೆ 30 ದಿನದೊಳಗೆ ಮತ್ತೊಂದು ಘೋಷಣೆ ಕೊಡಬೇಕು ಎಂದು ಅದರಲ್ಲಿ ಇತ್ತು. ಬಲವಂತ, ಆಮಿಷಕ್ಕೆ ಜೈಲು ಶಿಕ್ಷೆ. 2023ರ ಜೂನಿನಲ್ಲಿ ರಾಜ್ಯ ಸಂಪುಟ ಅದನ್ನು ರದ್ದುಪಡಿಸಲು ತೀರ್ಮಾನಿಸಿತು. ಸಂಪುಟದ ತೀರ್ಮಾನವೇ ಕಾನೂನಲ್ಲ. ನೀವು ಸ್ನಾನ ಪಡೆಯುವ ತಿಂಗಳಲ್ಲಿ ಯಾವ ನಿಯಮ ಜಾರಿಯಲ್ಲಿದೆ ಎಂದು ವಕೀಲರನ್ನು ಕೇಳಿಯೇ ಮುಂದಿನ ಹೆಜ್ಜೆ ಇಡಿ. 18 ತುಂಬದವರಿಗೆ ತಂದೆತಾಯಿಯ ಒಪ್ಪಿಗೆ ಇಲ್ಲದೆ ಸ್ನಾನ ಬೇಡವೇ ಬೇಡ.

ಇನ್ನು ಜಾತಿ ಪ್ರಮಾಣಪತ್ರ. 1950ರ ರಾಷ್ಟ್ರಪತಿ ಆದೇಶದಂತೆ ಪರಿಶಿಷ್ಟ ಜಾತಿಯ ಸ್ಥಾನ ಹಿಂದೂಗಳಿಗೆ ಮಾತ್ರ ಇತ್ತು. 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿದರು. ಕ್ರೈಸ್ತರು ಆ ಪಟ್ಟಿಯಲ್ಲಿಲ್ಲ. 2024ರ ನವೆಂಬರಿನಲ್ಲಿ ಪುದುಚೇರಿಯ ಒಂದು ಪ್ರಕರಣದಲ್ಲಿ ಸುಪ್ರೀಂ ಕೋರ್ಟು, ದೀಕ್ಷಾಸ್ನಾನವಾಗಿ ಚರ್ಚಿಗೆ ನಡೆದುಕೊಳ್ಳುತ್ತಿದ್ದ ಮಹಿಳೆಯೊಬ್ಬರಿಗೆ ಕೆಲಸಕ್ಕಾಗಿ ಎಸ್‌ಸಿ ಪ್ರಮಾಣಪತ್ರ ಸಲ್ಲದು ಎಂದಿತು. ನಮ್ಮ ರಾಜ್ಯದಲ್ಲಿ ಪರಿಶಿಷ್ಟ ಜಾತಿಯಿಂದ ಕ್ರೈಸ್ತರಾದವರು ಹಿಂದುಳಿದ ವರ್ಗಗಳ ಪ್ರವರ್ಗ-1ರಲ್ಲಿ ಬರುತ್ತಾರೆ. ಈ ನಿಯಮ ನ್ಯಾಯವೇ ಎಂದರೆ, ಅಲ್ಲ ಎನ್ನುವವರಲ್ಲಿ ನಾನೂ ಒಬ್ಬ. ಗುಡಿಸಲಿನ ಕಂಬ ಬದಲಾಗುವುದಿಲ್ಲ, ಕೇರಿ ಬದಲಾಗುವುದಿಲ್ಲ, ಕಾಗದ ಮಾತ್ರ ಬದಲಾಗುತ್ತದೆ. ಆದರೂ ಮಗಳು ಹಾಸ್ಟೆಲಿಗೆ ಅರ್ಜಿ ಹಾಕುವ ಹೊತ್ತಿಗೆ ಈ ಸುದ್ದಿ ಗೊತ್ತಾಗಬಾರದು. ಪಾಠದ ಮೊದಲ ವಾರವೇ ಹೇಳಬೇಕು. ತಿಳಿದೂ ಬರುವವರು ಬರುತ್ತಾರೆ, ಇನ್ನಷ್ಟು ದಿನ ಕಾಯುತ್ತೇನೆ ಎನ್ನುವವರನ್ನು ಯಾರೂ ಹೀಯಾಳಿಸಬಾರದು.

ಕೂಸಿನದಾದರೆ ಕೆಲಸ ಹಗುರ. ಹುಟ್ಟಿದ 21 ದಿನದೊಳಗೆ ಜನನ ನೋಂದಣಿ ಆಗಿರಲಿ, ಅದರ ನಕಲು ತನ್ನಿ. ದೀಕ್ಷಾಸ್ನಾನದ ಪತ್ರ ಜನನ ಪತ್ರವಲ್ಲ. ಮಗುವಿಗೆ ಬೈಬಲಿನ ಹೆಸರು ಇಡುವ ಆಸೆ ಇದ್ದರೆ ನೋಂದಣಿಯಲ್ಲೇ ಇಡಿ. ಶಾಲೆಯಲ್ಲಿ ಮಲ್ಲಿಕಾರ್ಜುನ, ಸಭೆಯಲ್ಲಿ ಸ್ತೆಫನ, ಆಧಾರ್‌ನಲ್ಲಿ ಸ್ಟೀಫನ್ ಎಂ. ಆದರೆ ಮೂವರೂ ಒಬ್ಬನೇ ಎಂದು ಸಾಬೀತು ಮಾಡಲು ನೋಟರಿ ಬಾಗಿಲು ತಟ್ಟಬೇಕಾಗುತ್ತದೆ.

ನೀರು

ಎಷ್ಟು ನೀರು ಬೇಕು ಎಂಬ ಜಗಳ ಬಹಳ ಹಳೆಯದು. ಆದಿಸಭೆಯ ಕಾಲದ 'ಡಿಡಾಖೆ' ಎಂಬ ಪುಟ್ಟ ಹೊತ್ತಗೆ ಇದಕ್ಕೆ ಕೊಟ್ಟ ಉತ್ತರ ನಮ್ಮಂಥ ಬರದ ಸೀಮೆಯವರಿಗೆ ಬಹಳ ಹಿಡಿಸುತ್ತದೆ: ಹರಿಯುವ ನೀರು ಸಿಕ್ಕರೆ ಹರಿಯುವ ನೀರು; ಇಲ್ಲವೇ ಬೇರೆ ನೀರು; ತಣ್ಣೀರು ಆಗದಿದ್ದರೆ ಬಿಸಿನೀರು; ಎರಡೂ ಸಾಲದಿದ್ದರೆ ತಲೆಯ ಮೇಲೆ ಮೂರು ಸಲ ಸುರಿಯಿರಿ. ಸ್ನಾನಕ್ಕೆ ಮುಂಚೆ ಒಂದೆರಡು ದಿನ ಉಪವಾಸವಿರಿ ಎಂದೂ ಅದರಲ್ಲಿದೆ.

ನಮ್ಮ ಸಭೆಯಲ್ಲಿ ಹಿತ್ತಾಳೆ ಬೋಗುಣಿ. ಮೇ ತಿಂಗಳಲ್ಲಿ ಮೇಲಿನ ಟಾಕಿಯ ನಲ್ಲಿ ನೀರು ಹಿಡಿದು ನೇರ ಬೋಗುಣಿಗೆ ಸುರಿದರೆ ಕೂಸು ಚೀರದೆ ಏನು ಮಾಡೀತು? ಹಿಂದಿನ ರಾತ್ರಿಯೇ ಮಣ್ಣಿನ ಗಡಿಗೆಯಲ್ಲಿ ತುಂಬಿಡುತ್ತೇನೆ. ಡಿಸೆಂಬರಿನಲ್ಲಿ ಉಲ್ಟಾ, ಒಂದು ಚೊಂಬು ಬಿಸಿನೀರು ಬೆರೆಸಬೇಕು. ಮೊಣಕೈ ಅದ್ದಿ ನೋಡಿ, ಬಾಣಂತಿ ಕೂಸಿಗೆ ನೀರು ಹದ ನೋಡುವ ಹಾಗೆಯೇ.

ಮುಳುಗಿಸುವ ಸಭೆಯವರಿಗೆ ನನ್ನ ಬಿನ್ನಹ: ದೊಡ್ಡ ಕಾಲುವೆ ಬೇಡ. ಡ್ಯಾಮಿನಿಂದ ಎಡದಂಡೆ ಕಾಲುವೆಗೆ ನೀರು ಬಿಟ್ಟಾಗ ಮೇಲೆ ಕನ್ನಡಿಯಂತೆ ಕಂಡರೂ ಒಳಗೆ ಸೆಳೆತ ವಿಪರೀತ. ಇಳಿಜಾರು ಕಾಂಕ್ರೀಟಿನ ಮೇಲೆ ಪಾಚಿ ಬೇರೆ. ಒಮ್ಮೆ ಜಾರಿದರೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ರಾಯಚೂರು ಕಡೆ ಕೃಷ್ಣೆಯಲ್ಲಿ ಮೊಸಳೆಗಳಿವೆ, ಇದು ತಮಾಷೆಯ ಮಾತಲ್ಲ. ಸಭೆಯೊಳಗೇ ಸೊಂಟದ ಮಟ್ಟದ ತೊಟ್ಟಿ ಕಟ್ಟಿಸಿಕೊಳ್ಳುವುದು ಎಲ್ಲಕ್ಕಿಂತ ಒಳ್ಳೆಯದು. ಹೊಳೆಯೇ ಬೇಕೆಂದರೆ ಊರವರು ದಿನವೂ ಇಳಿಯುವ ಮೆಟ್ಟಿಲಿನ ಜಾಗ, ಬೆಳಗಿನ ಹೊತ್ತು, ಈಜು ಬಲ್ಲ ಇಬ್ಬರು ನೀರಿನೊಳಗೆ, ಒಂದು ಹಗ್ಗ ದಡದಲ್ಲಿ.

ತಮ್ಮನ ಸ್ನಾನವನ್ನು ದಡದಲ್ಲಿ ನಿಂತು ನೋಡಿದ್ದೇನೆ. ಮೊದಲು ಪ್ರಶ್ನೆ: ಯೇಸುವನ್ನು ಕರ್ತನೆಂದು ನಂಬುತ್ತೀಯಾ? ಅವನು "ನಂಬತೀನಿ" ಎಂದದ್ದು ನನಗೆ ಕೇಳಿಸಲಿಲ್ಲ, ತುಟಿ ಮಾತ್ರ ಕಂಡಿತು. ಎರಡೂ ಕೈ ಎದೆಗೆ ಕಟ್ಟಿಕೊಂಡ. ಪಾಸ್ಟರ್ ಒಂದು ಕೈಯನ್ನು ಅವನ ಬೆನ್ನಿಗೆ, ಇನ್ನೊಂದನ್ನು ಕಟ್ಟಿದ ಕೈಗಳ ಮೇಲೆ ಇಟ್ಟರು. ಮೂಗಿಗೆ ಕರವಸ್ತ್ರ. ಮೊಣಕಾಲು ಸ್ವಲ್ಪ ಮಡಿಸಿದ, ಹಿಂದಕ್ಕೆ ವಾಲಿದ, ತಲೆ ಹೋಯಿತು. ಅವನ ಮೇಲೆ ನೀರು ಮುಚ್ಚಿಕೊಂಡ ಆ ಎರಡು ಸೆಕೆಂಡು ನನ್ನ ಎದೆ ಝಲ್ಲೆಂದಿತು. ರೋಮಾಪುರದ ಪತ್ರದ ಆರನೇ ಅಧ್ಯಾಯ ನನಗೆ ಅರ್ಥವಾದದ್ದು ಅಲ್ಲಿ, ನಾನು ನಂಬುವ ಕ್ರಮ ಬೇರೆಯಾದರೂ.

ದೇಹವನ್ನು ಬಿಗಿ ಹಿಡಿಯಬೇಡಿ, ಬಿಗಿ ಹಿಡಿದವರೇ ನೀರು ಕುಡಿಯುವುದು. ಹೆಣ್ಣುಮಕ್ಕಳು ಬಿಳಿ ಸೀರೆಗಿಂತ ಗಾಢ ಬಣ್ಣದ ದಪ್ಪ ಹತ್ತಿ ಚೂಡಿದಾರ ಹಾಕಿಕೊಳ್ಳಿ, ಬಿಳಿಯದೇ ಬೇಕೆನ್ನುವ ಸಭೆಯಾದರೆ ಒಳಗೆ ಬಣ್ಣದ್ದು ಇರಲಿ. ಬಟ್ಟೆ ಬದಲಿಸಲು ಮರೆ ಕಟ್ಟಿದ್ದಾರೋ ಎಂದು ಮುಂಚೆಯೇ ಕೇಳಿ. ಮೊಬೈಲ್ ಹಿಡಿದವರನ್ನು ದೂರ ನಿಲ್ಲಿಸಿ. ಮೂರ್ಛೆ ರೋಗ, ಹೃದಯದ ತೊಂದರೆ ಇದ್ದವರು ಪಾಸ್ಟರಿಗೆ ಮುಚ್ಚಿಡಬೇಡಿ.

ಆ ದಿನ

ಕೂಸಿಗೆ ಅರ್ಧ ಗಂಟೆ ಮುಂಚೆ ಹಾಲು ಕುಡಿಸಿ. ಜರಿ ಹಚ್ಚಿದ ಸ್ಯಾಟಿನ್ ಫ್ರಾಕು ಬೇಡ. ಅಳುವ ಕೂಸುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಅಳುವುದು ಫ್ರಾಕಿಗೆ, ನೀರಿಗಲ್ಲ. ಕಥೋಲಿಕರಲ್ಲಿ ಎಣ್ಣೆ ಸವರುವುದು, ಬಿಳಿ ವಸ್ತ್ರ, ಪಾಸ್ಖದ ದೊಡ್ಡ ಬತ್ತಿಯಿಂದ ಹಚ್ಚಿದ ಮೇಣದಬತ್ತಿ ಇವೆಲ್ಲ ಇರುತ್ತವೆ. ಏನೇನು ತರಬೇಕೆಂದು ಫಾದರ್ ಹತ್ತಿರ ಕೇಳಿಕೊಳ್ಳಿ.

ಮಾತುಗಳ ಕಡೆ ಕಿವಿ ಇರಲಿ. "ನಾನು ನಿನಗೆ ಸ್ನಾನ ಮಾಡಿಸುತ್ತೇನೆ" ಎಂಬುದನ್ನು "ನಾವು" ಎಂದು ಬದಲಿಸಿದರೆ ಅದು ಸ್ನಾನವೇ ಅಲ್ಲ ಎಂದು ವ್ಯಾಟಿಕನ್ 2020ರಲ್ಲಿ ಸ್ಪಷ್ಟಪಡಿಸಿತು. ಅಮೆರಿಕದಲ್ಲಿ ಹಾಗೆ ಹೇಳಿಸಿಕೊಂಡವರು ಮತ್ತೆ ಸ್ನಾನ ಪಡೆಯಬೇಕಾಯಿತು.

ಕೂಸು ಉಳಿಯುವುದು ಅನುಮಾನ ಎಂಬಂಥ ಹೊತ್ತಿನಲ್ಲಿ ಫಾದರ್ ಬರಲಿ ಎಂದು ಕಾಯಬೇಕಿಲ್ಲ. ಕಥೋಲಿಕ ನಿಯಮದಂತೆ ಸರಿಯಾದ ಉದ್ದೇಶವಿರುವ ಯಾರೂ ತಲೆಗೆ ನೀರು ಹಾಕಿ ಪಿತ, ಸುತ, ಪವಿತ್ರಾತ್ಮರ ನಾಮದಲ್ಲಿ ಸ್ನಾನ ಕೊಡಬಹುದು, ನರ್ಸಮ್ಮನೂ ಸರಿ. ಮಗು ಚೇತರಿಸಿಕೊಂಡರೆ ಧರ್ಮಕೇಂದ್ರಕ್ಕೆ (ನಿಮ್ಮ ಕಥೋಲಿಕ ಚರ್ಚಿಗೆ) ತಿಳಿಸಿ. ಉಳಿದ ವಿಧಿಗಳನ್ನು ಮಾಡುತ್ತಾರೆ, ನೀರನ್ನು ಮತ್ತೆ ಹಾಕುವುದಿಲ್ಲ.

ಸ್ನಾನಕ್ಕೆ ದರ ಇಲ್ಲ. ಸ್ತೋತ್ರ ಕಾಣಿಕೆ ನಿಮ್ಮ ಇಷ್ಟ. ಸಾಲ ಮಾಡಿ ಶಾಮಿಯಾನ ಹಾಕಿಸಿದವರ ಮನೆಯಲ್ಲಿ ನಾನೂ ಉಂಡಿದ್ದೇನೆ, ಹೋಳಿಗೆ ಗಂಟಲಲ್ಲಿ ಇಳಿಯಲಿಲ್ಲ.

ದಫ್ತರ

ನೀರು ಒರೆಸಿದ ತಕ್ಷಣ ಎಲ್ಲರೂ ಫೋಟೊಕ್ಕೆ ಓಡುತ್ತಾರೆ. ನೀವು ದಫ್ತರದ ಕಡೆ ಬನ್ನಿ. ಕ್ರಮಸಂಖ್ಯೆ, ಹುಟ್ಟಿದ ದಿನ, ಸ್ನಾನದ ದಿನ, ಹೆಸರು, ತಂದೆತಾಯಿಯ ಹೆಸರು, ಊರು, ಜ್ಞಾನಪಿತ ಜ್ಞಾನಮಾತೆ, ಸ್ನಾನ ಮಾಡಿಸಿದವರ ಸಹಿ. ಒಂದೊಂದು ಅಂಕಣವನ್ನೂ ಬೆರಳಿಟ್ಟು ಓದಿಸಿಕೊಳ್ಳಿ. ನಾನೇ ಒಮ್ಮೆ ಅವಸರದಲ್ಲಿ ಒಬ್ಬ ಹುಡುಗಿಯ ಹುಟ್ಟಿದ ವರ್ಷದಲ್ಲಿ ಒಂದು ಅಂಕಿ ತಪ್ಪಿಸಿದೆ. ಅದು ಬೆಳಕಿಗೆ ಬಂದದ್ದು ಆಕೆಯ ಲಗ್ನದ ಪ್ರಕಟಣೆಯ ಹಿಂದಿನ ದಿನ. ಆ ಮನೆಯವರ ಮುಂದೆ ಇವತ್ತಿಗೂ ನನಗೆ ತಲೆ ಎತ್ತಲು ಸಂಕೋಚ.

ಪ್ರಮಾಣಪತ್ರ ಕೊಡಬಹುದಾದದ್ದು ಸ್ನಾನವಾದ ಸಭೆ ಮಾತ್ರ. ಗುಳೆ ಹೋದಾಗ ಬೆಂಗಳೂರಿನಲ್ಲೋ ಪುಣೆಯಲ್ಲೋ ಮಾಡಿಸಿದ್ದರೆ ಆ ಸಭೆಯ ಪೂರ್ತಿ ಹೆಸರು, ಬೀದಿ, ತಾರೀಖು ಬರೆದಿಟ್ಟುಕೊಳ್ಳಿ. "ಶೆಡ್ಡಿನ ಹತ್ರ ಒಂದು ಸಭೆ ಇತ್ರಿ" ಎಂದರೆ ನಾನು ಎಲ್ಲಿ ಹುಡುಕಲಿ? ಕಥೋಲಿಕರಲ್ಲಿ ದೃಢೀಕರಣ, ಮದುವೆ ಎಲ್ಲವನ್ನೂ ಆ ಮೊದಲ ದಫ್ತರದ ಅದೇ ಸಾಲಿನ ಪಕ್ಕಕ್ಕೆ ಬರೆಯುತ್ತಾರೆ. ಅದಕ್ಕೇ ಮದುವೆಗೆ ಹಳೆಯ ಪತ್ರ ನಡೆಯುವುದಿಲ್ಲ, ಹೊಸದಾಗಿ ತೆಗೆಸಿ ತರಲು ಹೇಳುತ್ತಾರೆ. ದಫ್ತರವೇ ಇಲ್ಲ ಎಂದಾದರೆ ಸ್ನಾನ ನೋಡಿದ ಒಬ್ಬ ನಂಬಿಕಸ್ತ ಸಾಕ್ಷಿಯ ಹೇಳಿಕೆ ಸಾಕಾಗುತ್ತದೆ. ದೊಡ್ಡವರಾದ ಮೇಲೆ ಪಡೆದದ್ದಾದರೆ ಅವರದೇ ಪ್ರಮಾಣವೂ ನಡೆಯುತ್ತದೆ. ನಮ್ಮಂಥ ಸಭೆಗಳಲ್ಲಿ ಅಯ್ಯನವರೂ ಹಿರಿಯರೂ ಕೂತು ತೀರ್ಮಾನಿಸುತ್ತಾರೆ.

ಪತ್ರವನ್ನು ಮೊಬೈಲಿನಲ್ಲಿ ಫೋಟೊ ತೆಗೆದು ಮನೆಯ ಇಬ್ಬರಿಗೆ ಕಳಿಸಿಡಿ. ಮೇಣದಬತ್ತಿ ಕೊಟ್ಟಿದ್ದರೆ ತಗಡಿನ ಟ್ರಂಕಿನಲ್ಲಿ ಇಡಬೇಡಿ. ಸಾಕ್ಷಿಯಾಗಿ ನಿಂತ ದಿನ ನನ್ನ ಕೈಗೆ ಬಂದದ್ದನ್ನು ಕೂಸಿನ ತಾಯಿ ಹಾಗೆಯೇ ಇಟ್ಟಿದ್ದಳು. ಏಪ್ರಿಲ್ ಮುಗಿಯುವಷ್ಟರಲ್ಲಿ ಕುಡುಗೋಲಿನಂತೆ ಬಾಗಿತ್ತು. ಈಗ ಹತ್ತಿ ಬಟ್ಟೆಯಲ್ಲಿ ಸುತ್ತಿ ನೀರಿನ ಗಡಿಗೆಯ ಹಿಂದಿನ ಗೂಡಿನಲ್ಲಿ ಇಟ್ಟಿದ್ದಾಳೆ. ಸ್ನಾನದ ತಾರೀಖು ಬಂದಾಗ ಪ್ರತಿ ವರ್ಷ ಒಂದು ನಿಮಿಷ ಹಚ್ಚುತ್ತಾರೆ. ಬಾಗಿದ ಬತ್ತಿಯಾದ್ದರಿಂದ ಮೇಣ ಒಂದೇ ಕಡೆ ಸುರಿಯುತ್ತದೆ, ಕೆಳಗೆ ತಟ್ಟೆ ಇಡಬೇಕು.